ನಾಚಪ್ಪ ಮುಚ್ಚಿದ ಪೈಪು

ಇದು ನಮ್ಮ ತಂಗಮ್ಮನ ಮನೆಯಲ್ಲೇ ನಡೆದದ್ದು. ೨೦೦೬ರ ಜನವರಿ, ಫರೀದಾಬಾದ್. ಕೇಳುವವರು ನಡುವೆ ನಗಬಾರದು.

ತಂಗಮ್ಮನ ಗಂಡ ನಾಚಪ್ಪ ಸೈನ್ಯದಲ್ಲಿ ವೈರ್‌ಲೆಸ್ ಸೆಟ್ಟು ರಿಪೇರಿ ಮಾಡುತ್ತಿದ್ದವರು. ನಿವೃತ್ತಿಯಾದ ಮೇಲೆ ಅಲ್ಲೇ ಒಂದು ಕಾರ್ಖಾನೆಯಲ್ಲಿ ಕೆಲಸ. ಆ ರಾತ್ರಿ ಎರಡನೇ ಪಾಳಿ ಮುಗಿಸಿ ನಡೆದು ಬರುತ್ತಿದ್ದರು. ಮಂಜು ಎಷ್ಟಿತ್ತೆಂದರೆ, ಸೆಕ್ಟರಿನ ಮೂಲೆಯ ಆಲದ ಮರ ಕೈಗೆ ತಗಲಿದ ಮೇಲೆಯೇ ಕಂಡಿತು. ಬೀದಿಯಲ್ಲೆಲ್ಲೂ ಕರೆಂಟಿಲ್ಲ.

ಧುಮ್...

ನಿಂತರು.

ಧುಮ್... ಉಸ್ಸ್...

ಆ ಸದ್ದು ಅವರಿಗೆ ಗೊತ್ತು. ಮಗ ಸೃಜನ್ ತಾನೇ ಮಾಡಿದ ಸಬ್‌ವೂಫರ್ ಪೆಟ್ಟಿಗೆಯದು. ಪ್ಲೈವುಡ್ ಕೊಯ್ದು, ಮುಂದೆ ದೊಡ್ಡ ಸ್ಪೀಕರ್ ಕೂರಿಸಿ, ಅದರ ಕೆಳಗೆ ಗಾಳಿ ಆಡಲೆಂದು ಪಿವಿಸಿ ಪೈಪಿನ ತುಂಡೊಂದನ್ನು ತೂರಿಸಿದ್ದ. ಹಾಡು ಹಾಕಿದರೆ ಪೈಪು ಬುಸುಗುಟ್ಟುತ್ತಿತ್ತು. "ಠೀಕ್ ಕರ್ ದೂಂಗಾ ಅಪ್ಪಾ", ಸರಿ ಮಾಡ್ತೀನಿ, ಎನ್ನುತ್ತಲೇ ಇದ್ದ. ಹಿಂದಿನ ಚಳಿಗಾಲ, ಇಂಥದೇ ಮಂಜಿನಲ್ಲಿ, ಆಸ್ಪತ್ರೆ ತಲುಪುವ ಮೊದಲೇ ಉಬ್ಬಸದಿಂದ ಹೋಗಿಬಿಟ್ಟ.

ಒಳಗೆ ಕತ್ತಲಲ್ಲಿ ತಂಗಮ್ಮ ಶಾಲು ಹೊದ್ದು ಪೆಟ್ಟಿಗೆಯ ಪಕ್ಕ ಕೂತಿದ್ದಳು.

"ಕರೆಂಟ್ ಬಂದಿತ್ತಾ?"

"ಇಲ್ಲ. ಮೆಲ್ಲಗೆ ಮಾತಾಡಿ..."

"ಯಾಕೆ?"

"ಮಲಗಿದ್ದಾನೆ."

ನಾಚಪ್ಪ ಪೆಟ್ಟಿಗೆಯ ಮುಂದೆ ಮಂಡಿಯೂರಿದರು. ಟಾರ್ಚು ಬಾಯಲ್ಲಿ ಕಚ್ಚಿ ವೈರುಗಳನ್ನೆಲ್ಲ ಕಿತ್ತರು. ಸದ್ದು ನಿಲ್ಲಲಿಲ್ಲ. ಊದುಬತ್ತಿ ಹಚ್ಚಿ ಪೆಟ್ಟಿಗೆಯ ಸಂದುಗಳ ಉದ್ದಕ್ಕೂ ಹಿಡಿದರು. ಎಲ್ಲಾದರೂ ಗಾಳಿ ಸೋರುತ್ತಿದ್ದರೆ ಹೊಗೆ ಅಲ್ಲಿ ವಾಲಬೇಕು. ಎಲ್ಲೂ ವಾಲಲಿಲ್ಲ. ಕೊನೆಗೆ ಪೈಪಿನ ಮುಂದೆ ಹಿಡಿದರು.

ಹೊಗೆ ಒಳಗೆ ಹೋಯಿತು... ಅಲ್ಲೇ ನಿಂತಿತು... ಹೊರಗೆ ಬಂತು. ಕೊನೆಯಲ್ಲಿ ಸಣ್ಣಗೆ ಕುಯ್ಯ್... ಎಂದಿತು.

ಎದೆಯೊಳಗಿನ ಆ ಸೀಟಿ ಇಬ್ಬರಿಗೂ ಗೊತ್ತಿತ್ತು.

ಬೆಳಿಗ್ಗೆ ಕೆಳಗಿನ ಮನೆಯ ಯೋಗೀಶ ಮೆಟ್ಟಿಲಲ್ಲಿ ಸಿಕ್ಕಿದ. "ಏನ್ ನಾಚಪ್ಪನವರೇ, ಸೆಕ್ಟರಿಗೆಲ್ಲ ಕತ್ತಲು, ನಿಮಗೆ ಮಾತ್ರ ಮಿಲಿಟರಿ ಕರೆಂಟಾ? ರಾತ್ರಿಯೆಲ್ಲ ಧುಮ್ ಧುಮ್."

ಅಲ್ಲಿಗೆ ಇದು ಬರೀ ಅವರಿಬ್ಬರ ಕಿವಿಯ ಭ್ರಮೆಯಲ್ಲ ಎಂದಾಯಿತು.

ನಾಚಪ್ಪ ಸ್ಕ್ರೂ ಬದಲಿಸಿದರು. ಸಂದುಗಳಿಗೆಲ್ಲ ಮತ್ತೆ ಅಂಟು ತುಂಬಿದರು. ಒಳಗೆ ಹತ್ತಿ ಹಾಸಿದರು. ರಾತ್ರಿಯಾದರೆ ಅದೇ ಉಸ್ಸ್, ಅದೇ ಕುಯ್ಯ್. ತಂಗಮ್ಮ ಊಟ ಬಿಟ್ಟಳು. ಪೈಪಿನ ಎದುರು ಅಂಗೈ ಇಟ್ಟುಕೊಂಡು ಬೆಳಗು ಮಾಡುತ್ತಿದ್ದಳು.

"ಬಿಟ್ಟುಬಿಡಿ," ಅಂದಳು. "ಇಷ್ಟಾದರೂ ಇದೆಯಲ್ಲ."

"ಅವನೇ ಆದರೆ ಇನ್ನೂ ಒದ್ದಾಡ್ತಾ ಇದ್ದಾನೆ, ತಂಗಮ್ಮ. ಕೇಳಿಸಲ್ವಾ ನಿನಗೆ?"

ಆಕೆ ಕೈ ತೆಗೆಯಲಿಲ್ಲ.

ಆ ರಾತ್ರಿ ಸದ್ದು ಜೋರಾಯಿತು. ಕೂತಲ್ಲೇ ತಂಗಮ್ಮನಿಗೆ ಜೊಂಪು ಹತ್ತಿತ್ತು. ನಾಚಪ್ಪನಿಗೆ ಇನ್ನು ಕೇಳಲಾಗಲಿಲ್ಲ. ಬುಸುಗುಟ್ಟುವ ಪೈಪಿಗೆ ಸ್ಪೀಕರಿನವರು ಬಟ್ಟೆ ತುರುಕುವುದುಂಟು. ಕಾಲಲ್ಲಿದ್ದ ಮಿಲಿಟರಿ ಉಣ್ಣೆಯ ಕಾಲುಚೀಲ ಒಂದನ್ನು ಬಿಚ್ಚಿ, ಸುತ್ತಿ, ಹೆಬ್ಬೆರಳಿನಿಂದ ಒಳಗೆ ಒತ್ತಿದರು.

ಕುಯ್... ಅರ್ಧಕ್ಕೇ ನಿಂತಿತು.

ಸ್ಪೀಕರಿನ ಕಾಗದ ಒಳಗಿನಿಂದ ಬಡಿದುಕೊಂಡಿತು. ಪಟ್... ಪಟ್ ಪಟ್... ಪಟ್.

ಆಮೇಲೆ ಏನೂ ಇಲ್ಲ.

ಆ ಮೌನಕ್ಕೆ ತಂಗಮ್ಮನಿಗೆ ಎಚ್ಚರವಾಯಿತು. ಪೈಪು ನೋಡಿದಳು. ಗಂಡನ ಒಂದು ಬರಿಗಾಲು ನೋಡಿದಳು.

"ಮಗುವಿನ ಬಾಯಿ ಮುಚ್ಚಿದಿರಾ?"

ಅಷ್ಟೇ ಕೇಳಿದ್ದು. ನಾಚಪ್ಪ ತಡಬಡಿಸಿ ಕಾಲುಚೀಲ ಎಳೆದು ತೆಗೆದರು. ಅದು ನೆನೆದು ತೊಪ್ಪೆಯಾಗಿತ್ತು. ಬೆಚ್ಚಗಿತ್ತು. ಊದುಬತ್ತಿ ಹಚ್ಚಿ ಪೈಪಿನ ಮುಂದೆ ಹಿಡಿದರು. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಬೆಳಗಾಗುವವರೆಗೂ ಒಂದಾದ ಮೇಲೊಂದು ಹಚ್ಚಿದರು. ನೆಟ್ಟಗೇ ಹೋಯಿತು. ಆ ಪೆಟ್ಟಿಗೆ ಮತ್ತೆ ಯಾವತ್ತೂ ಸದ್ದು ಮಾಡಲಿಲ್ಲ. ತಂಗಮ್ಮ ಗಂಡನ ಜೊತೆ ಮಾತಾಡುವುದೂ ಅಲ್ಲಿಗೆ ಹೆಚ್ಚುಕಡಿಮೆ ನಿಂತಿತು.

ಕಾಲುಚೀಲಗಳನ್ನು ಒಗೆದು ಟೆರೇಸಿನ ತಂತಿಗೆ ಹಾಕಿದ್ದರು. ಜೂನಿನಲ್ಲಿ ನಾನು ಹೋದಾಗಲೂ ಅಲ್ಲೇ ಇದ್ದವು. ಲೂ ಎನ್ನುವ ಅಲ್ಲಿನ ಬಿಸಿಗಾಳಿ ಬೀಸುತ್ತಿತ್ತು, ಹಾಕಿದ ಬಟ್ಟೆ ಕೈ ತೆಗೆಯುವಷ್ಟರಲ್ಲಿ ಒಣಗುವ ಬಿಸಿಲು. ಒಂದು ಕಾಲುಚೀಲ ಹಪ್ಪಳದ ಹಾಗೆ ಗರಿಗರಿಯಾಗಿತ್ತು.

ಇನ್ನೊಂದನ್ನೂ ಈ ಕೈಯಾರೆ ಮುಟ್ಟಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಅದು ಇನ್ನೂ ಒದ್ದೆಯಾಗಿತ್ತು.