ಸಾಹೇಬರು ನಕ್ಕಾಗ

ಮಹಾರಾಷ್ಟ್ರದ ಜತ್ತ ಬಸ್‌ಸ್ಟ್ಯಾಂಡಿನಲ್ಲಿ ಮುಚ್ಚಂಡಿ ಬಸ್ಸಿಗೆ ಕಾಯುತ್ತಿದ್ದ ಯಮನವ್ವ ಗಂಟು ಸರಿಸಿ, ಕನ್ನಡ ಹೈಸ್ಕೂಲಿನಲ್ಲಿ ಕಲಿಸುವ ಇಬ್ಬರು ಬಾಯಾರಿಗೆ ಜಾಗ ಕೊಟ್ಟಳು. ಕೂತವರೇ ಅವರು, ಯಮನವ್ವ ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಮಾತಿಗಿಳಿದರು.

“ಕಾಜಲ್, ತಪಾಸಣಿ ಸಾಹೇಬ್ರು ನಕ್ಕಾಗ ನೀನೂ ಒಂಚೂರು ನಕ್ಕಿದ್ರ ಏನಾಗ್ತಿತ್ತು?” ಹಿರಿಯ ಬಾಯಾರು ಕೇಳಿದರು.

“ಯಾಕ ನಗಬೇಕ್ರಿ, ಛಾಯಾಬಾಯಿ? ನನ್ನ ವರ್ಗದ ಹುಡುಗಿಗೆ ಅವರು ಮರಾಠಿಯೊಳಗ ಪ್ರಶ್ನಿ ಕೇಳಿದ್ರು, ಅಕಿ ಕನ್ನಡದಾಗ ಹೇಳಿದ್ಲು. ಉತ್ತರ ಬರೋಬ್ಬರಿ ಇತ್ತು.”

“ಇತ್ತವಾ. ಆದ್ರ ಹೆಡ್‌ಮಾಸ್ತರ್ರು ಭಾಳ ಸಿಟ್ಟಾಗ್ಯಾರ. ನೌಕರಿ ಅಂದಮ್ಯಾಲ ಮಾರಿ ಮ್ಯಾಲ ನಗಿ ಇರಬೇಕಂತ. ನಾ ಇಷ್ಟ ವರ್ಷ ಹಂಗ ನಕ್ಕೊಂತ ಬಂದೀನಿ.”

“ಮಕ್ಕಳ ಜೋಡಿ ದಿನಾ ಬೇಕಾದಷ್ಟು ನಗ್ತೀನ್ರಿ. ಮಕ್ಕಳನ್ನ ನೋಡಿ ನಗಂಗಿಲ್ಲ.”

ಯಮನವ್ವ ಅಂಗೈಯ ತಂಬಾಕು ತಿಕ್ಕುವುದನ್ನು ನಿಲ್ಲಿಸಿದಳು.

“ನಾಳೆ ತಪಾಸಣಿ ಮುಗೀತೈತಿ, ಸಾಹೇಬ್ರ ಸತ್ಕಾರ ಐತಿ. ಹಾರ ನೀನೇ ಹಾಕಬೇಕಂತ, ನಕ್ಕೊಂತ.”

“ನಕ್ಕೊಂತನೇ ಹಾಕ್ತೀನ್ರಿ. ಆ ಹುಡುಗಿ ಕೊರಳಿಗೆ.”

ಉಮದಿ ಬಸ್ ಬಂತು, ಇಬ್ಬರೂ ಎದ್ದರು. ಬಸ್ಸಿನ ಮೆಟ್ಟಿಲೇರಿದ ಛಾಯಾಬಾಯಿ ಅಲ್ಲೇ ತಿರುಗಿ ನಿಂತು, ಸ್ಟ್ಯಾಂಡಿಗೆಲ್ಲ ಕೇಳುವಂತೆ ಅಂದರು:

“ಹಂಗಾರ ಪ್ಯಾಟಿ ಹಾರ ಬ್ಯಾಡ. ನಮ್ಮ ಹಿತ್ತಲದಾಗಿನ ಹೂವ ನಾ ತರ್ತೀನಿ.”