ಪಂಚಮಿಯ ಅರಳು

ಚಿತ್ತಾಪುರದ ದವಾಖಾನೆಯ ಕಟ್ಟೆಯ ಮೇಲೆ ಒಬ್ಬ ಎಳೆಯ ಬಾಣಂತಿ ಕೂಸಿನ ಒದ್ದೆ ಅರಿವೆಗಳನ್ನು ಹಿಂಡಿ ಹಿಂಡಿ ಹರವುತ್ತಿದ್ದಳು. ಕೂಸು ಒಳಗೆ ಡಾಕ್ಟರ ಹತ್ತಿರ ಇತ್ತು. ಅವ್ವನ ಔಷಧಿಗೆಂದು ಬಂದಿದ್ದ ನಾನು ಪಕ್ಕದಲ್ಲೇ ಕುಳಿತಿದ್ದೆ. ಗೋಡೆಗೆ ಒರಗಿ ಕುಳಿತಿದ್ದ ಅವಳ ಅತ್ತೆ ಕೇಳಿದಳು.

“ಗುರುದೇವಿ, ಡಾಕ್ಟರ್ ಸಾಹೇಬ್ರು ಏನಂದ್ರು?”

“ಜೋಳದಾಗ ಏನರ ಕಲಸಿದ್ರೇನು ಅಂತ ಕೇಳಿದ್ರು. ಪಾದರಸ ಅಂದೆ.”

“ಹುಳ ಹತ್ತಬಾರದಂತ ನಮ್ಮತ್ತಿ ಕಾಲದಿಂದ ಕಲಸ್ತೀವಿ. ತೊಳದು ತಿಂದೀವಿ. ಯಾರಿಗೇನಾಗ್ಯಾದ?”

“ತೊಳದ್ರೂ ಎಲ್ಲಾ ಹೋಗಂಗಿಲ್ಲಂತ. ಪಂಚಮಿಗಿ ಅದೇ ಜೋಳದ ಅರಳು ಹುರದ್ವಲ್ಲ, ಆವಾಗ ಅದು ಹೊಗಿ ಆಗ್ಯಾದಂತ. ಕಣ್ಣಿಗಿ ಕಾಣಂಗಿಲ್ಲಂತ. ಕೂಸಿನ ಎದಿಯಾಗ ಹೋಗಿ ಕುಂತದಂತ.”

“ಥಂಡಿ ಗಾಳಿ ಅಂತ ಬಾಗಲಾ ಹಾಕಿದಾಕಿ ನಾನೇ.”

“ತೊಟ್ಟಲಾ ಒಲಿ ಬಾಜೂಕ ತಂದಾಕಿ ನಾನು. ಅರಳು ಚಟ್ ಅಂದಾಗೊಮ್ಮೆ ನಗ್ತಿತ್ತಲ್ಲ, ಅತ್ತಿ.”

“ಹೂಂ. ಅದು ನಗಲಿ ಅಂತ ಇನ್ನೊಂದು ಹಿಡಿ ಹಾಕ್ರಿ ಅಂದಿ, ಹುಚ್ಚಿ.”

“ನೀವೂ ಹಾಕಿದ್ರಿ.”

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಷ್ಟರಲ್ಲಿ ಗುರುದೇವಿಯ ಗಂಡ ಒಳಗಿನಿಂದ ಬಂದ. ಕೂಸನ್ನು ತಲೆಯಿಂದ ಕಾಲಿನವರೆಗೆ ಬಿಳಿ ಧೋತರದಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದಿದ್ದ. ಯಾರನ್ನೂ ನೋಡದೆ ಕಟ್ಟೆ ಇಳಿದು ಬಂಡಿಯ ಕಡೆ ನಡೆದ. ಅತ್ತೆ ಗೋಡೆ ಹಿಡಿದು ಎದ್ದು ಅವನ ಹಿಂದೆ ಹೋದಳು. ಗುರುದೇವಿ ಇಬ್ಬರನ್ನೂ ದಾಟಿ ಓಡಿ ಗಂಡನಿಗೆ ಅಡ್ಡ ನಿಂತಳು.

“ಏನ್ರೀ, ಅದರ ಮಾರಿ ಮುಚ್ಚಬ್ಯಾಡ್ರಿ. ಉಸರಾಡ್ಲಿ.”