ಗಾಜು ಬಡಿದರೆ ಬರುವ ಮೀನು

ಮಂಗಳವಾರ ಕಣೋ, ಬುಧವಾರ ಅಲ್ಲ! ನಾನು ಮೊದಲ ಸಲ ಮನೆ ಬಿಟ್ಟು ಹೋದದ್ದು ಮಂಗಳವಾರ. ಲೆಕ್ಕದ ಪರೀಕ್ಷೆ ಇತ್ತು, ಹೇಗೆ ಮರೀಲಿ? ನೀನು ಪೆನ್ಸಿಲ್ ಚೂಪು ಮಾಡಿಕೊಂಡು ಶಾಲೆಗೆ ಹೋದೆ, ನಾನು ಹಿತ್ತಲ ಬಾಗಿಲಿಂದ ಜಾರಿ ಲಾರಿ ಹತ್ತಿದೆ. ಯಾಕೋ ನಗ್ತೀಯಾ? ನಗು, ನಗು. ತಮ್ಮನಾದವನು ಅಣ್ಣನ್ನ ನೋಡಿ ನಗದೆ ಇನ್ಯಾರನ್ನ ನೋಡಿ ನಗ್ತಾನೆ!

ಆಮೇಲೆ ಎಷ್ಟು ಸಲ ಹೋದೆ, ಎಷ್ಟು ಸಲ ಬಂದೆ... ಬಿಡು. ಒಂದು ಸಲವಾದರೂ ಬರಿಗೈಲಿ ಬಂದಿದ್ದೀನಾ? ಆ ಲೋಚ್ ಮೀನು, ಆ ಪುಟ್ಟ ಮೀಸೆ ಮೀನು ತಂದವನು ಯಾರು? ಹೇಳು! ಮೊಣಕಾಲುದ್ದ ನೀರಿನ ತೊರೆಯಲ್ಲಿ ಕಲ್ಲಿನಡಿಗೆ ಕೈ ಹಾಕಿ ಹಿಡಿದೆ. ಇದೇ ಸ್ಟೀಲ್ ಕ್ಯಾನಲ್ಲಿ... ಇದೇ ಅಂದ್ರೆ, ಇಂಥದ್ದೇ ಒಂದರಲ್ಲಿ... ಬಸ್ಸಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬಂದೆ. ಕುಲುಕಿದಾಗಲೆಲ್ಲ ಪ್ಯಾಂಟ್ ಒದ್ದೆ. ಪಕ್ಕದ ಹೆಂಗಸು ಮುಖ ಸಿಂಡರಿಸಿಕೊಂಡು ಬೇರೆ ಸೀಟಿಗೆ ಹೋದಳು!

ಈಗ? ಈಗ ಬಂದವರೆಲ್ಲ ನಿನ್ನ ಹೆಸರಿಗೇ "ಟೈಲರ್ ಮನೆ ಮೀನು" ಅಂತಾರೆ. ಕಾಲೇಜಿನ ಮೇಷ್ಟ್ರು ಭೂತಗನ್ನಡಿ ಹಿಡಿದು ನೋಡಿದರಂತೆ. ಹೊಟ್ಟೆ ಹತ್ತಿರ ಒಂದಕ್ಕೊಂದು ಸೇರದ ಪಟ್ಟೆ, ಕಣ್ಣಿನ ಕೆಳಗೆ ಕವಲೊಡೆದ ಮುಳ್ಳು, ಅಪರೂಪದ ಜಾತಿ ಅಂದರಂತೆ. ನಿನ್ನ ಬೆನ್ನು ತಟ್ಟಿದರಂತೆ. ನಿನ್ನ ಹೆಂಡತಿ ಊಟ ಬಡಿಸೋವಾಗೆಲ್ಲ ಅದೇ ಪುರಾಣ! ಆ ಮುಳ್ಳನ್ನ ಮೊದಲು ಕಂಡುಹಿಡಿದದ್ದು ಭೂತಗನ್ನಡಿಯಲ್ಲ ಕಣೋ, ನನ್ನ ಹೆಬ್ಬೆರಳು. ನೋಡು, ಇನ್ನೂ ಕಲೆ ಇದೆ.

ನೀನೇನು ಮಾಡಿದೆ? ಸರಿ, ಅದರ ಮೀಸೆ ಸವೆಯಬಾರದು ಅಂತ ಗಾಜಿನ ತೊಟ್ಟಿಯಿಂದ ಚೂಪು ಕಲ್ಲು ತೆಗೆದು ನುಣ್ಣನೆ ಮರಳು ಹಾಸಿದೆ. ನೀರು ಬದಲಾಯಿಸಿದೆ. ಒಪ್ಪಿದೆ ಮಾರಾಯ, ನೀನೇ ಸಾಕಿದೆ! ಕೂತಲ್ಲೇ ಕೂತಿರೋನಿಗೆ ಸಾಕೋದು ಏನು ಮಹಾ? ಆದರೂ... ಹೊಲಿಯೋವಾಗ ಬೆರಳಿಗೆ ಹಾಕ್ಕೋತೀಯಲ್ಲ, ಆ ಹಿತ್ತಾಳೆ ಟೊಪ್ಪಿ, ಅದರಲ್ಲಿ ಗಾಜಿಗೆ ಎರಡು ಸಲ ಬಡಿದರೆ ಸಾಕು, ಓಡಿ ಬರುತ್ತೆ. ಅದರ ಮೇಲೆ "ಟಕ್" ಅಂತ ಮೀನಿನ ಉತ್ತರ ಬೇರೆ! ಯಜಮಾನ ಕರೆದ ಅಂತ!

ತೊಟ್ಟೀನ ಯಾಕೆ ಹಾಗೆ ನೋಡ್ತೀಯಾ? ಬಡಿದೆಯಾ? ಬರಲಿಲ್ವಾ? ನಿದ್ದೆ ಮಾಡ್ತಿರುತ್ತೆ ಬಿಡು, ಮರಳಿನ ಕೆಳಗೆ. ಬೇಕಾದರೆ ತೊಟ್ಟಿ ಪಕ್ಕದ ಬಲೆ ಮುಟ್ಟಿ ನೋಡು, ಒಣಗೇ ಇದೆ. ಬಲೆಯಲ್ಲಿ ಹಿಡಿದರೆ ಮುಳ್ಳು ಸಿಕ್ಕಿಕೊಳ್ಳುತ್ತೆ, ಪಾತ್ರೆಯಲ್ಲೇ ಎತ್ತಬೇಕು... ಸುಮ್ಮನೆ ಮಾತಿಗೆ ಹೇಳಿದೆ ಕಣೋ.

ನನಗೆ ಬಸ್ಸಿಗೆ ಹೊತ್ತಾಯ್ತು. ಆ ಅಂಗಿ ಕೊಡು. ಟವೆಲ್ಲೂ. ಹೇ, ಬ್ಯಾಗ್ ಮುಟ್ಟಬೇಡ, ಮೇಜಿನ ಮೇಲೇ ಇರಲಿ. ಬೈಯೋ! ಏನಾದರೂ ಅನ್ನೋ! ಹೀಗೆ ಬಾಯಿ ಹೊಲಿದುಕೊಂಡು ನಿಂತರೆ... ಆ ಟೊಪ್ಪಿ ತೆಗಿ. ಮೇಜಿಗೆ ಬಡೀಬೇಡ. ಬಡೀಬೇಡ ಅಂದೆ...

...

ಕೇಳಿಸಿತಾ? "ಟಕ್" ಅಂತು.

ಬ್ಯಾಗಿನೊಳಗೆ, ಮುಚ್ಚಳ ಹಾಕಿದ ಕ್ಯಾನಿನ ಕತ್ತಲಲ್ಲೂ ನಿನ್ನ ಗುರುತು ಹಿಡೀತು. ನೀನು ಅಂಗಡಿಗೆ ಹೋಗಿದ್ದಾಗ ನಾನೂ ಅದೇ ಟೊಪ್ಪಿ ಹಾಕ್ಕೊಂಡು ಬಡಿದೆ ಕಣೋ. ನಿನ್ನ ಹಾಗೇ, ಎರಡೆರಡು ಸಲ... ಬೆರಳು ನೋಯೋ ತನಕ. ನನಗೆ ಒಂದೇ ಒಂದು "ಟಕ್" ಇಲ್ಲ.

ತಗೋ. ನಿಧಾನ, ಹೆಬ್ಬೆರಳು ಜೋಪಾನ. ಮೀನನ್ನ ತೊಟ್ಟಿಗೆ ಬಿಟ್ಟು ಕ್ಯಾನ್ ವಾಪಸ್ ಕೊಡು. ದಾರಿಯಲ್ಲಿ ಕುಡಿಯೋದಕ್ಕೆ ನನಗೆ ನೀರು ಬೇಕಲ್ಲ.